ಮಗಳ ಎಡೆ

ತಮ್ಮನ ಹೊಲ ಕಂಡು ಹೊಟ್ಟೆ ಉರಿದುಕೊಳ್ಳುವ ಅಕ್ಕಂದಿರಿದ್ದಾರೆ, ತಮ್ಮನ ಮನೆ ಕಂಡು ಉರಿದುಕೊಳ್ಳುವವರೂ ಇದ್ದಾರೆ. ನಾನು ನನ್ನ ತಮ್ಮನ ಗಲ್ಲ ಕಂಡು ಉರಿದುಕೊಂಡವಳು. ಅದೂ ಹೊರಗಿನ ಚೆಲುವಿಗಲ್ಲ, ಒಳಗಿನ ಉಗುಳಿಗೆ. ನಗುವವರು ನಗಲಿ, ಇದ್ದದ್ದನ್ನು ಹೇಳಲಿಕ್ಕೆ ನನಗೇನು ಸಂಕೋಚ!

ನಮ್ಮ ತವರು ಸವದತ್ತಿ ತಾಲೂಕಿನ ಒಂದು ಹಳ್ಳಿಯ ಗೌಡರ ಮನೆ. ಊರಾಳುವ ಗೌಡಕಿ ಹೋಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಒಂದು ತಗಡಿನ ಪೆಟ್ಟಿಗೆ, ಅದರ ತುಂಬ ಬ್ರಿಟಿಷರ ಕಾಲದ ಕಾಗದ. ಎಲ್ಲ ಹಳೆಯ ಮರಾಠಿ ದಫ್ತರದ ಮೋಡಿ ಅಕ್ಷರ, ಮನೆಯಲ್ಲಿ ಯಾರಿಗೂ ಓದಲು ಬಾರದು. ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದ ಶಾಲೆಯೊಂದರಲ್ಲಿ ಅಕ್ಕೋರಾಗಿದ್ದೆ. ಅಲ್ಲಿ ಕಚೇರಿಯಿಂದ ನಿವೃತ್ತರಾದ ಒಬ್ಬ ಮುದುಕರ ಮನೆಗೆ ಎರಡು ವರ್ಷ ಪ್ರತಿ ರವಿವಾರ ಹೋಗಿ ಮೋಡಿ ಕಲಿತೆ. ಕಣ್ಣಿಗೆ ಚಸ್ಮಾ ಬಂತು, ಆದರೆ ಪೆಟ್ಟಿಗೆಯ ಕಾಗದಗಳನ್ನೆಲ್ಲ ಓದಿ ಮುಗಿಸಿದೆ.

ಅದರಲ್ಲಿ ಮುಖ್ಯವಾದದ್ದು ಒಂದು ದತ್ತಕ ಪತ್ರ. ಅಪ್ಪನ ಅಜ್ಜ, ಅಂದರೆ ನನ್ನ ಮುತ್ತಜ್ಜ, ರಾಮದುರ್ಗದ ದಾಯಾದಿಗಳ ಮನೆಯಿಂದ ದತ್ತಕ ಬಂದವನೆಂದು ಅದರಲ್ಲಿತ್ತು. ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರ ಒಪ್ಪದೆ ಹೋದದ್ದಕ್ಕೆ ಏನೇನಾಯಿತೆಂದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಆ ಹೆದರಿಕೆ ಮೊಮ್ಮಕ್ಕಳ ಕಾಲಕ್ಕೂ ಇಳಿದಿತ್ತು. ಗೌಡಕಿ ಕೈತಪ್ಪಬಾರದೆಂದರೆ ಹುಡುಗ ಒಂದೇ ವಂಶದವನಿರಬೇಕು, ಸಾಹೇಬರು ಒಪ್ಪಬೇಕು. ನಮ್ಮ ಪತ್ರದಲ್ಲಿ ‘ಹುಡುಗ ನಮ್ಮ ದಾಯಾದಿಯ ಮಗನೇ’ ಎಂದು ಮೂರು ಸಲ ಬರೆದಿತ್ತು. ಮೂರು ಸಲ ಯಾಕೆ ಎಂದು ಶಾಣ್ಯಾಳಾದ ನನಗೆ ಹೊಳೆಯಲೇ ಇಲ್ಲ.

ಓದಿದ್ದನ್ನೆಲ್ಲ ಸೇರಿಸಿ ದೊಡ್ಡದೊಂದು ಡ್ರಾಯಿಂಗ್ ಶೀಟಿನ ಮೇಲೆ ವಂಶಾವಳಿ ಬರೆದೆ. ಒಂದೊಂದು ಹೆಸರಿಗೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಗೆರೆ. ಮನೆಗೆ ಬಂದವರಿಗೆಲ್ಲ ಅಪ್ಪ ಅದನ್ನು ಬಿಚ್ಚಿ ತೋರಿಸುತ್ತಿದ್ದರು. ನನಗೆ ಹಿಗ್ಗೋ ಹಿಗ್ಗು. ಪೆಟ್ಟಿಗೆ ನನ್ನ ಪಾಲಿಗೇ ಬರುತ್ತದೆಂದು ಗಟ್ಟಿ ಮಾಡಿಕೊಂಡಿದ್ದೆ. ಒಂದು ದಿನ ಅಪ್ಪ ಅಂದರು:

“ಪೆಟ್ಟಿಗಿ ತಮ್ಮಗ ಇರಲಿ. ವಂಶ ಅವನ ಕೂಡ ಮುಂದ ಹೊಕ್ಕೈತಿ. ನೀ ಕೊಟ್ಟ ಮನಿಯಾಕಿ.”

ನನ್ನ ತಮ್ಮನೋ, ಎಂ.ಕೆ. ಹುಬ್ಬಳ್ಳಿ ಊರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೇರುವವನು. ಒಳ್ಳೆಯವನೇ, ಅದೇ ನನ್ನ ಸಿಟ್ಟು; ಕೆಟ್ಟವನಾಗಿದ್ದರೆ ಬೈಯಲಿಕ್ಕಾದರೂ ಬರುತ್ತಿತ್ತು. ಮೋಡಿ ಹೋಗಲಿ, ಅವನು ಕನ್ನಡ ಪೇಪರನ್ನೂ ನೆಟ್ಟಗೆ ಓದಿದವನಲ್ಲ. ಮರುವಾರ ಬಂದು ನೋಡುತ್ತೇನೆ, ಪೆಟ್ಟಿಗೆಯ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿ ಇಟ್ಟಿದ್ದಾನೆ!

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ರಾಮದುರ್ಗದ ದಾಯಾದಿಗಳಲ್ಲಿ ಒಬ್ಬ ಕಾಕಾ ಇದ್ದರು, ಡಾಕ್ಟರಕಿ ಬಿಟ್ಟು ಮನೆಯಲ್ಲಿದ್ದವರು. ಉಗುಳಿನಿಂದ ಮಾಡುವ ವಂಶ ಪರೀಕ್ಷೆಯ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ, ಪರದೇಶದ ಗೆಳೆಯರಿಂದ ಎರಡು ಡಬ್ಬಿ ತರಿಸಿಕೊಂಡಿದ್ದರು. ಒಂದು ಅವರಿಗೆ, ಒಂದು ನಮ್ಮ ಮನೆಗೆ. ಎರಡರ ಉತ್ತರವೂ ಒಂದಕ್ಕೊಂದು ಕೂಡಿದರೆ ಮುತ್ತಜ್ಜ ಅವರ ಮನೆಯ ಕೂಸೇ ಎಂದು ಖರೆಯಾಗುತ್ತದೆ. ಅಪ್ಪನಿಗೆ “ರಕ್ತದ ಪರೀಕ್ಷಾ ಇದ್ದಂಗರಿ” ಎಂದು ತಿಳಿಸಿ ಹೇಳಿದವಳು ನಾನೇ. “ಮಾಡ್ರಿ, ಅದಕ್ಕೇನು” ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಕಾಕಾನ ಮುಂದೆ ಕುಳಿತು ಬಾಯಿ ತೆರೆದೆ.

ಕಾಕಾ ನಕ್ಕುಬಿಟ್ಟರು. “ಬಾಯಿ ಮುಚ್ಚವಾ ತಂಗಿ. ನಿನ್ನದು ನಡಿಯೂದಿಲ್ಲ. ಇದು ಅಪ್ಪನಿಂದ ಮಗಗಷ್ಟ ಇಳಿಯೂ ತಂತು, ವೈ ಕ್ರೋಮೋಸೋಮ್ ಅಂತಾರ. ಹೆಣ್ಮಕ್ಕಳಿಗೆ ಅದು ಇರೂದ ಇಲ್ಲ.”

“ನನ್ನ ಬೊಚ್ಚ ಬಾಯಿ ಯಾಕ, ವಂಶ ಮುಂದ ಒಯ್ಯಾಂವ ಅವನ ಕೊಡಲಿ” ಎಂದು ಅಪ್ಪ ತಮ್ಮನನ್ನು ಗದ್ದೆಯಿಂದ ಕರೆಸಿದರು. ಬಾಯಲ್ಲಿ ಗುಟ್ಕಾ. ಎರಡು ತಂಬಿಗೆ ನೀರಿನಿಂದ ಬಾಯಿ ತೊಳೆಸಿ, ಒಂದು ತಾಸು ಕೂಡಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಗಲ್ಲದ ಒಳಗೆ ಉಜ್ಜಿದರು. “ಅಕ್ಕಾ, ಇಷ್ಟನ ಏನ?” ಎಂದು ಹಲ್ಲು ಕಿರಿದ. ಇಷ್ಟೇ! ನನ್ನ ಎರಡು ವರ್ಷದ ರವಿವಾರಗಳು, ನನ್ನ ಕಣ್ಣು, ಯಾವುದೂ ಲೆಕ್ಕಕ್ಕಿಲ್ಲ. ಇವನ ಗುಟ್ಕಾ ತಿನ್ನುವ ಬಾಯಿಯಲ್ಲಿ ವಂಶವೆಲ್ಲ ಕುಳಿತಿದೆಯಂತೆ. ದೇವರೇ, ಇದು ಕೂಡದೆ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನದೇ ಮನೆತನ ಸುಳ್ಳಾಗಲಿ ಎಂದು ಬೇಡಿಕೊಂಡೆನಲ್ಲ, ಎಂಥ ಹೆಂಗಸು ನಾನು!

ಉತ್ತರ ಬರಲು ತಿಂಗಳುಗಳೇ ಹಿಡಿದವು. ಮಾನಾಮಿ ಅಮಾವಾಸ್ಯೆಯ ಮಧ್ಯಾಹ್ನ ಕಾಕಾ ತಾವೇ ಬಂದರು. ಅವತ್ತು ನಮ್ಮಲ್ಲಿ ಹಿರಿಯರಿಗೆ ಎಡೆ ಹಿಡಿಯುವ ದಿನ. ಹಿರಿಯರ ಧೋತರ, ಸೀರೆಗಳ ಮುಂದೆ ದೊಡ್ಡ ಎಡೆ. ಮಗ್ಗುಲಿಗೆ ಒಂದು ಕುಬಸದ ಖಣ ಇಟ್ಟು ಸಣ್ಣದೊಂದು ಎಡೆ. ಅದಕ್ಕೆ ಮಗಳ ಎಡೆ ಎನ್ನುತ್ತಿದ್ದರು. ಸಣ್ಣವಳಿದ್ದಾಗಲೇ ಸತ್ತ ಯಾವುದೋ ಹುಡುಗಿಯದಿರಬೇಕೆಂದು ನಾವು ಯಾರೂ ಕೇಳಿರಲಿಲ್ಲ.

ಪಡಸಾಲೆಯಲ್ಲಿ ಕಾಕಾ ನನಗೂ ತಮ್ಮನಿಗೂ ಮೆಲ್ಲಗೆ ಹೇಳಿದರು: “ಎಳ್ಳಷ್ಟೂ ಕೂಡಿಲ್ರಿ. ನೀವು ನಮ್ಮ ವಂಶದವರಲ್ಲ.”

ತಮ್ಮನ ಮುಖ ಸಣ್ಣದಾಯಿತು. “ಅಕ್ಕಾ, ಅಪ್ಪಗ ಹೇಳಬ್ಯಾಡ. ಈ ವಯಸ್ಸಿನ್ಯಾಗ ತಡಕೊಳ್ಳೂದಿಲ್ಲ.”

ನಾನು ನಿಂತ ಕಾಲಲ್ಲೇ ದೇವರ ಖೋಲಿಗೆ ಹೋಗಿ ಅಪ್ಪನಿಗೆ ಹೇಳಿದೆ; ಕಾಕಾ, ತಮ್ಮ ಇಬ್ಬರೂ ಹಿಂದೆಯೇ ಬಂದರು. ಗಟ್ಟಿಯಾಗಿ ಹೇಳಿದೆ, ಖುಷಿಯಿಂದ ಹೇಳಿದೆ. “ಕೂಡಿಲ್ರಿ ಅಪ್ಪಾ. ನಿಮ್ಮ ಮಗನ ಕೂಡ ಯಾವ ವಂಶಾನೂ ಹೋಗಾಕ ಹತ್ತಿಲ್ಲ.”

ಅಪ್ಪ ಹೌಹಾರಲಿಲ್ಲ. “ಹೆಂಗ ಕೂಡೂದಿಲ್ಲ? ರಕ್ತದ ಪರೀಕ್ಷಾ ಅಂದಿ ನೀನ. ಮಗಳ ರಕ್ತ ಮನಿ ರಕ್ತ ಅಲ್ಲೇನು?”

ನಮಗೆ ತಿಳಿಯಲಿಲ್ಲ. ಅಪ್ಪ ಸಣ್ಣ ಎಡೆಯ ಕಡೆ ಕೈ ಮಾಡಿದರು. “ದತ್ತಕ ತಗೊಂಡ ಗೌಡಗ ಗಂಡ ಮಕ್ಕಳಿರಲಿಲ್ಲ. ಇದ್ದ ಒಬ್ಬ ಮಗಳು ಗಂಡನ್ನ ಕಳಕೊಂಡು ಕೂಸ ಕಟಗೊಂಡ ತವರಿಗೆ ಬಂದಿದ್ಲು. ಮಗಳ ಮಗ ಅಂದ್ರ ಸಾಹೇಬ ಒಪ್ಪೂದಿಲ್ಲಂತ, ರಾಮದುರ್ಗದವರ ಕೂಸು ಅಂತ ಬರಸಿದ್ರು. ಆ ಕೂಸನ ನಮ್ಮಜ್ಜ.” ಕಾಕಾನ ಕಡೆ ತಿರುಗಿ, “ನಿಮ್ಮ ಮುತ್ತ್ಯಾನ ಒಪ್ಪಿ ಹೆಬ್ಬಟ್ಟ ಒತ್ತ್ಯಾನ” ಎಂದರು. “ಅಕಿ ಇದ ಮನ್ಯಾಗ ಇದ್ಲು. ಸಾಯೂತನಾ ಹೆತ್ತ ಮಗನ ಕಡಿಂದ ಅಕ್ಕಾ ಅನಿಸಿಕೊಂಡು ಇದ್ಲು. ನಮ್ಮಜ್ಜಿ ಹೇಳಿದ ಮಾತು.”

ಕಾಕಾ ಮೆತ್ತಗೆ ಅಂದರು: “ಗೌಡ್ರ, ಇದು ಗಂಡಸಿನಿಂದ ಗಂಡಸಿಗಷ್ಟ ಇಳಿತೈತಿ. ನಡುವ ಮಗಳು ಬಂದ್ರ ಅಲ್ಲಿಗೆ ಕಡಿತೈತಿ.”

“ಹಂಗಾರ ನಿಮ್ಮ ಪರೀಕ್ಷಾಕ್ಕ ತಿಳುವಳಿಕಿ ಕಡಿಮಿ ಬಿಡ್ರಿ” ಎಂದರು ಅಪ್ಪ.

ನನಗೆ ತಡೆದುಕೊಳ್ಳಲಾಗಲಿಲ್ಲ. “ಮಗಳಿಂದನ ಮನಿತನ ನಡದೈತಿ ಅಂತ ಗೊತ್ತಿದ್ದೂ ಪೆಟ್ಟಿಗಿ ಇವಗ ಯಾಕ ಕೊಟ್ರಿ? ನನಗ ಯಾಕ ಕೊಡಲಿಲ್ಲ?” ಅಳು ಬಂದುಬಿಟ್ಟಿತು.

ಅಪ್ಪ ತಡಬಡಿಸಿದರು. “ನೀ ಬರದ ಹಾಳಿ ತಾ” ಎಂದರು. ತಂದು ಹಾಸಿದೆ. “ನನಗ ಕಣ್ಣ ಕಾಣೂದಿಲ್ಲ. ನಿನ್ನ ಹೆಸರ ಎಲ್ಲೈತಿ, ಬೊಟ್ಟ ಇಟ್ಟ ತೋರಸವಾ.”

ಏಳು ತಲೆಮಾರು, ಎಲ್ಲ ಗಂಡಸರು. ಹಳೆಯ ವಂಶಾವಳಿಗಳಲ್ಲಿ ಹಾಗೇ ಇರುತ್ತದೆಂದು ನಾನೂ ಹಾಗೇ ಬರೆದಿದ್ದೆ. ಬೊಟ್ಟು ಎಲ್ಲಿಡಲಿ?

“ಅಕಿ ಹೆಸರೇನ್ರಿ ಅಪ್ಪಾ?”

“ನಮ್ಮಜ್ಜಿ ಬರೇ ಮಗಳು ಅಂತಿದ್ಲು.”

ಪೆಟ್ಟಿಗೆ ಈಗಲೂ ತಮ್ಮನ ಮನೆಯಲ್ಲೇ ಇದೆ. ಅದರ ಮೇಲೆ ಬ್ಯಾಟರಿ ಇಡುವುದನ್ನು ಮಾತ್ರ ಬಿಟ್ಟಿದ್ದಾನೆ. ನನ್ನ ಹೊಟ್ಟೆಯುರಿ ಇನ್ನೂ ತಣ್ಣಗಾಗಿಲ್ಲ, ಸುಳ್ಳು ಯಾಕೆ ಹೇಳಲಿ. ಅವತ್ತು ಮಧ್ಯಾಹ್ನವೇ ಪೆನ್ನು ತಂದು, ಮುತ್ತಜ್ಜನ ತಲೆಯ ಮೇಲೆ ಇಕ್ಕಟ್ಟಿನಲ್ಲಿ ಒಂದು ಚೌಕ ಎಳೆದು ‘ಮಗಳು’ ಎಂದು ಬರೆದೆ. ಆಮೇಲೆ ಕೆಳಗೆ ತಮ್ಮನ ಹೆಸರಿನ ಮಗ್ಗುಲಿಗೆ ನನ್ನದನ್ನು ಬರೆಯಲು ಹೋದೆ. ಕಾಗದದ ಅಂಚಿನವರೆಗೂ ಅವನ ಮಗ್ಗುಲಿಗೇ ಒತ್ತಿ ಬರೆದ ಅವನ ಗಂಡುಮಕ್ಕಳ ಚೌಕಗಳು. ಎಲ್ಲಿಯೂ ಜಾಗವಿರಲಿಲ್ಲ. ಜಾಗ ಬಿಡದೆ ಬರೆದವಳು ನಾನೇ.