ದಲಾಲನ ಮೇಲೊಂದು ಕಣ್ಣು

ಸೊಲ್ಲಾಪುರದ ಗಿರಣಿ ಚಾಳಿನ ಒಂದೇ ಕೋಣೆಯಲ್ಲಿ ನಾನು, ನನ್ನ ಗಂಡ, ನಮ್ಮ ಇಬ್ಬರು ಹೆಣ್ಣುಮಕ್ಕಳು ಇದ್ದ ಕಾಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ಗಂಡ ಮಗ್ಗದ ಖಾತೆಯಲ್ಲಿ ಕೆಲಸಕ್ಕಿದ್ದರು. ಗಿರಣಿಯ ಭೋಂಗಾ ಕೂಗಿದರೆ ಏಳುವುದು, ಭೋಂಗಾ ಕೂಗಿದರೆ ಉಣ್ಣುವುದು, ಇದು ನಮ್ಮ ಸಂಸಾರ. ಅಂಥದರಲ್ಲಿ ಅಕ್ಕಲಕೋಟೆಯಲ್ಲಿದ್ದ ನನ್ನ ದೊಡ್ಡವ್ವ ತೀರಿಕೊಂಡಳು. ಮಕ್ಕಳಿಲ್ಲದ ಆಕೆ ತನ್ನ ಮನೆಯನ್ನು ನನ್ನ ಹೆಸರಿಗೆ ಮಾಡಿಹೋಗಿದ್ದಳು.

ಮನೆಯೊಡತಿಯಾದದ್ದೇ ತಡ, ನನ್ನ ನಡಿಗೆ ಬದಲಾಯಿತು. ಚಾಳಿನ ನಳದ ಹತ್ತಿರ ನಿಂತರೆ "ನಮ್ಮ ಅಕ್ಕಲಕೋಟಿ ಮನಿ" ಎನ್ನದೆ ನನ್ನ ಯಾವ ಮಾತೂ ಮುಗಿಯುತ್ತಿರಲಿಲ್ಲ. ಯಾರಾದರೂ ಹಪ್ಪಳದ ಸುದ್ದಿ ತೆಗೆದರೆ, "ನಮ್ಮ ಅಕ್ಕಲಕೋಟಿ ಮನಿ ಮಾಳಿಗಿ ಮ್ಯಾಲ ಬಿಸಲು ಭಾಳ ಚಲೋ ಬೀಳ್ತದ" ಎನ್ನುತ್ತಿದ್ದೆ. ಇಲಿಯ ಸುದ್ದಿ ತೆಗೆದರೆ ಅಲ್ಲಿಯ ಇಲಿಗಳೂ ಇಲ್ಲಿಯವಕ್ಕಿಂತ ಮರ್ಯಾದಸ್ತ ಎನ್ನುವಷ್ಟಾಯಿತು. ನಾನು ಬರುವುದನ್ನು ಕಂಡರೆ ಹೆಂಗಸರು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗತೊಡಗಿದರು.

ಅಲ್ಲಿ ಹೋಗಿ ಇರುವ ಹಾಗಿರಲಿಲ್ಲ, ಗಂಡನ ಕೆಲಸ ಇಲ್ಲಿತ್ತು. ಅದನ್ನು ಮಾರಿ ಸೊಲ್ಲಾಪುರದಲ್ಲೇ ಎರಡು ಕೋಣೆಯ ಸ್ವಂತ ಮನೆ ಮಾಡಿಕೊಳ್ಳೋಣವೆಂದು ನಿಶ್ಚಯಿಸಿದೆವು.

"ಮನಿ ನಿಂದು. ಮಾರೂ ವ್ಯವಹಾರನೂ ನೀನ ನೋಡ್ಕೋ," ಎಂದರು ಗಂಡ. ಅವರು ತಲೆನೋವು ತಪ್ಪಿಸಿಕೊಂಡರು. ನಾನು ಮಾತ್ರ, ನನ್ನ ಜಾಣತನಕ್ಕೆ ಕೊನೆಗೂ ಮನ್ನಣೆ ಸಿಕ್ಕಿತೆಂದು ಹಿಗ್ಗಿದೆ. ಯಾರೂ ಮೋಸ ಮಾಡಲಾಗದ ಹೆಂಗಸು ಎಂದೇ ನನ್ನ ಬಗ್ಗೆ ನನಗೆ ನಂಬಿಕೆ. ಬಜಾರದಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ, ಹಿಚುಕಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಮ್ಮೆ ಮಾರುವಾಕೆ, "ಬಾಯಿ, ಬದನಿಕಾಯಿ ಒಯ್ತೀಯೋ, ಅದರ ಜಾತಕ ಬರಸ್ತೀಯೋ?" ಎಂದಳು. ಅದನ್ನೂ ಹೊಗಳಿಕೆಯೆಂದೇ ತಿಳಿದು ಮನೆಗೆ ಬಂದಿದ್ದೆ.

ಅಕ್ಕಲಕೋಟೆಯಲ್ಲಿ ಪರಿಚಯದವರು ಒಬ್ಬ ದಲಾಲನನ್ನು ತೋರಿಸಿಕೊಟ್ಟರು. ಆತ ಬಹಳ ವರ್ಷ ದನದ ಪೇಟೆಯಲ್ಲಿ ಎತ್ತಿನ ದಲಾಲಿ ಮಾಡಿದವನು. ಮೊಣಕಾಲು ನೋವಿಗೆ ಪೇಟೆ ತಿರುಗುವುದಾಗದೆ ಈಗ ಮನೆಗಳ ವ್ಯವಹಾರಕ್ಕೆ ಇಳಿದಿದ್ದ. ತಲೆಗೆ ಗುಲಾಬಿ ಪಟಗ, ಬಾಯಲ್ಲಿ ಎಲೆ-ಅಡಿಕೆ, ಮಾತಿಗೊಮ್ಮೆ "ಖರೇ ಹೇಳ್ತೀನಿ". ಖರೆ ಖರೆ ಎಂದು ಹೇಳಿಕೊಳ್ಳುವವನ ಹತ್ತಿರ ಖರೆ ಎಲ್ಲಿಂದ ಬರಬೇಕು ಎಂದು ನಾನು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಆತ ಮನೆಯನ್ನು ಎತ್ತನ್ನು ನೋಡಿದ ಹಾಗೆಯೇ ನೋಡಿದ. ಗೋಡೆಯ ಬೆನ್ನು ತಟ್ಟಿದ. ಬಾಗಿಲು ಚೌಕಟ್ಟಿನ ಕಾಲು ಒತ್ತಿದ. ಓಣಿಯ ಆಚೆ ಬದಿಗೆ ಹೋಗಿ ನಿಂತು, ಮನೆ ಇನ್ನೇನು ನಡೆದು ತೋರಿಸುತ್ತದೆ ಎಂಬಂತೆ ಕಣ್ಣು ಸಣ್ಣ ಮಾಡಿದ.

"ಅಕ್ಕಾರ, ಖರೇ ಹೇಳ್ತೀನಿ, ಮನಿ ಗಟ್ಟಿ ಅದ. ಹಿಂದಿನ ಗ್ವಾಡಿ ಅಷ್ಟ ಮಳಿಗಾಲದಾಗ ಒಸರ್ತದ. ಗಿರಾಕಿಗೆ ಅದನ್ನ ನಾನ ಮೊದಲ ಹೇಳಿಬಿಡ್ತೀನಿ."

"ನೀವ್ಯಾಕ ಹೇಳ್ತೀರಿ? ಅವರು ಕೇಳಿದ್ರ ಹೇಳ್ರಿ," ಎಂದೆ.

"ಮೊದಲ ಹೇಳಿದ್ರ ಅದು ಬರೇ ಹಸೀ ಗ್ವಾಡಿ. ತೊಗೊಂಡ ಮ್ಯಾಲ ಗೊತ್ತಾದ್ರ ನನ್ನ ಪಟಗಾ ಜಗ್ಗತಾರ್ರಿ."

ಈತ ನಮ್ಮ ಮನೆ ಮಾರಲು ಬಂದವನೋ, ಮನೆಗೆ ಕೆಟ್ಟ ಹೆಸರು ತರಲು ಬಂದವನೋ ಎಂದು ನಾನು ಜೊತೆಗೆ ಬಂದಿದ್ದ ಗಂಡನ ಮುಖ ನೋಡಿದೆ. ಗಂಡ ಭಾವಿಗೆ ಇಣುಕಿ ನೋಡುತ್ತಿದ್ದರು.

ಮುಂದಿನ ವಾರ ಗಿರಣಿ ಸುಟಿಯ ದಿನ ಮತ್ತೆ ಹೋದಾಗ ದಲಾಲ ಒಬ್ಬ ಗಿರಾಕಿಯನ್ನು ಕರೆತಂದಿದ್ದ. ತಡವಳ ಹಳ್ಳಿಯ ಕುರಿಗಾರರ ಮನೆಯ ಹಿರಿಯ, ಹಣೆಯ ತುಂಬ ಭಂಡಾರದ ಅರಿಶಿನ, ಹೆಗಲ ಮೇಲೆ ಕರಿ ಕಂಬಳಿ. ಮೊಮ್ಮಕ್ಕಳನ್ನು ಪೇಟೆಯ ಸಾಲೆಗೆ ಹಾಕಬೇಕು, ಅದಕ್ಕೊಂದು ಮನೆ ಬೇಕೆಂದು ಬಂದಿದ್ದ. ಮನೆಯೆಲ್ಲ ನೋಡಿ, ಹಸಿ ಗೋಡೆಯ ಸುದ್ದಿ ಕೇಳಿ "ಹೂಂ" ಎಂದು ಕಟ್ಟೆಗೆ ಕೂತ. ದಲಾಲ ಪಕ್ಕಕ್ಕೆ ಕೂತು ಕಂಬಳಿಯ ಅಂಚನ್ನು ತನ್ನ ತೊಡೆಯ ಮೇಲೂ ಎಳೆದುಕೊಂಡ. ಇಬ್ಬರ ಕೈಗಳೂ ಒಳಗೆ ಹೋದವು. ದನದ ಪೇಟೆಯಲ್ಲಿ ಹೀಗೇ ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆಯ ಭಾವ ಮಾಡುತ್ತಾರೆ, ನಿಂತ ಮಂದಿಗೆ ತಿಳಿಯಬಾರದೆಂದು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು. ಕಂಬಳಿ ಮಾತ್ರ, ಒಳಗೆ ಬೆಕ್ಕು ಹೊಕ್ಕ ಹಾಗೆ ಮಿಸುಕಾಡುತ್ತಿತ್ತು. ಬಾಗಿಲ ಮರೆಯಲ್ಲಿ ನಿಂತ ನನಗೆ ಮೈ ಉರಿಯಿತು. ಮನೆ ನನ್ನದು, ಮಾತು ಕಂಬಳಿಯೊಳಗೆ!

ಗಿರಾಕಿ ಹೋದಮೇಲೆ ಕೇಳಿದೆ: "ಏನಂದ್ರು?"

"ಇನ್ನಾ ಹಣ್ಣಾಗಿಲ್ಲ ಅಕ್ಕಾರ."

"ಮುಂದ ನನಗ ಕೇಳೂ ಹಂಗ ಮಾತಾಡ್ರಿ."

"ಬಾಯಿಲೆ ಭಾವ ಹೇಳಿದ್ರ ಓಣಿಗೆಲ್ಲಾ ಗೊತ್ತಾಗ್ತದ್ರಿ, ಸೌದಾ ಕೆಡ್ತದ. ನಿಮ್ಮ ಯಜಮಾನ್ರಿಗೆ ಕೈಯಾಗ ತಿಳಸ್ತೀನಿ," ಎಂದ. ಯಜಮಾನರಿಗೆ ಗಿರಣಿಯಿಂದ ಪ್ರತಿ ಸಲ ಸುಟಿ ಎಲ್ಲಿ ಸಿಗಬೇಕು? ಪರಗಂಡಸಿನ ಕೈಗೆ ನಾನು ಕೈ ಕೊಡುವ ಹಾಗಿಲ್ಲ. ತಿರುಗಿ ಬರುವ ಎಸ್‌ಟಿ ಬಸ್ಸಿನಲ್ಲಿ ಆ ದಲಾಲ ಹೇಗೆ ಗಿರಾಕಿಯ ಕಡೆಗಿದ್ದಾನೆ ಎಂಬುದನ್ನು ಗಂಡನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಹೂಂಗುಡುತ್ತಿದ್ದಾರೆಂದು ತಿಳಿದಿದ್ದೆ. ಗೊರಕೆಯಾಗಿತ್ತು.

ಆಮೇಲೊಂದು ಮಧ್ಯಾಹ್ನ ಚಾಳಿಗೆ ಒಬ್ಬ ಹೆಂಗಸು ಬಂದಳು. ದಪ್ಪ ಮೈ, ಹಸಿರು ಇಳಕಲ್ ಸೀರೆ. ಅಕ್ಕಲಕೋಟೆಯಿಂದ ಲಗ್ನಕ್ಕೆ ಬಂದಿರುವುದಾಗಿ ಹೇಳಿದಳು.

"ನಿಮ್ಮ ಮನಿ ಮಾರಾಟಕ್ಕದ ಅಂತ ಕೇಳೀನ್ರಿ. ನಾವ ತೊಗೋತೀವಿ. ನಡುವ ಆ ದಲಾಲ ಯಾಕ? ಅವನ ದಲಾಲಿ ಉಳಿದ್ರ ಇಬ್ರಿಗೂ ಫಾಯದಾ."

ನಾನು ಆಕೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡು ಸಲ ಚಹಾ ಕುಡಿದಳು. ಮನೆಯ ಬೆಲೆ ಕೇಳಲಿಲ್ಲ, ಎಷ್ಟು ಅಂಕಣದ ಮನೆ ಎಂದು ಕೇಳಲಿಲ್ಲ. ಮಾತಾಡುತ್ತ ಕಣ್ಣು ಮಾತ್ರ ನನ್ನ ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ಪಾತ್ರೆಗಳ ಮೇಲೆ ಓಡಾಡುತ್ತಿತ್ತು. ನನಗೆ ತಕ್ಷಣ ಹೊಳೆಯಿತು: ಹಗಲು ಮನೆ ಮನೆ ನೋಡಿಕೊಂಡು ಹೋಗಿ ಕಳ್ಳರಿಗೆ ಸುಳಿವು ಕೊಡುವ ಹೆಂಗಸು! ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: "ಅಂಥಾದ್ದು ನಮ್ಮ ಕಡೆ ನಡಿಯೂದಿಲ್ರಿ. ದಲಾಲರಿಗೆ ಮಾತು ಕೊಟ್ಟೇವಿ. ಏನ ಕೇಳೂದಿದ್ರೂ ಅವರಿಗೇ ಕೇಳ್ರಿ." ಆಕೆ ಓಣಿ ದಾಟಿದ್ದನ್ನು ನೋಡಿ, ಪಾತ್ರೆಗಳನ್ನೆಲ್ಲ ಹಾಸಿಗೆ ಸುರುಳಿಯಲ್ಲಿ ಸುತ್ತಿ ಇಟ್ಟೆ. ಅಂದು ಗಂಡ ನೀರು ಕುಡಿಯಲು ತಂಬಿಗೆ ಹುಡುಕಿ ಹುಡುಕಿ ಸಾಕಾದರು.

ದಲಾಲನನ್ನು ಪರೀಕ್ಷಿಸುವ ಉಪಾಯ ಹೊಳೆದದ್ದೂ ಆ ದಿನಗಳಲ್ಲೇ. ಮಂದ್ರೂಪದಲ್ಲಿ ನನ್ನ ತಮ್ಮನಿದ್ದ, ಕಬ್ಬು ಬೆಳೆಯುವವನು. ಅವನನ್ನು ಕರೆಸಿ ಪಾಠ ಹೇಳಿದೆ: ನೀನು ಮನೆ ಕೊಳ್ಳುವ ಗಿರಾಕಿ, ನನ್ನ ಗುರುತೇ ನಿನಗಿಲ್ಲ, ಆತ ಏನೇನು ಹೇಳುತ್ತಾನೆ ಕೇಳಿಕೊಂಡು ಬಾ, ನಮ್ಮ ಬೆನ್ನ ಹಿಂದೆ ಬೆಲೆ ಇಳಿಸುತ್ತಾನೋ ನೋಡು. ಅಂದೇ ಸಂಜೆಗೆ ಮರಳಬೇಕಾದ ತಮ್ಮ ಮರುದಿನ ಬಂದ. ಕಣ್ಣಲ್ಲಿ ಬೇರೆಯೇ ಹೊಳಪು.

"ಅಕ್ಕಾ, ಆ ಮನಿ ಯಾರಿಗೂ ಕೊಡಬ್ಯಾಡ."

"ಯಾಕೋ? ಏನ್ ಮೋಸ ಮಾಡ್ಯಾನ?"

"ಮೋಸ ಎಲ್ಲಿದು? ರಾತ್ರಿ ತಮ್ಮ ಮನ್ಯಾಗ ಉಳಿಸ್ಕೊಂಡು ನಸುಕಿನ್ಯಾಗ ಎಬ್ಬಿಸಿ ಕರಕೊಂಡು ಹೋದ. ಬಿಸಲು ಹೆಂಗ ಬರ್ತದ ಅನ್ನೂದನ್ನ ಆ ಕಟ್ಟಿ ಮ್ಯಾಲೆ ಕೂತು ನೋಡಬೇಕಂತ. ಏನ್ ಬಿಸಲು ಅಕ್ಕಾ! ಭಾವಿ ನೀರು ಕುಡಿಸಿದ, ಸಕ್ರಿ ಆಗ್ಯದ. ಬಾಜೂಮನಿಯವರು ರೊಟ್ಟಿ ಕೊಟ್ರು. ಹಿಂದಿನ ಗ್ವಾಡಿ ಒಸರ್ತದ ಅಂತನೂ ಅವನ ಹೇಳಿದ. ಒಸರ್ಲಿ ಬಿಡು. ಆ ಮನಿ ನನಗ ಕೊಡು."

"ನಿನಗ್ಯಾಕೋ ಅಲ್ಲಿ ಮನಿ? ಕಬ್ಬು ಯಾರ ನೋಡ್ತಾರ?"

"ಕಬ್ಬಿಂದೇನ್ ಹಚ್ಚೀ?" ಎಂದು ತಮ್ಮ ತಲೆ ತಗ್ಗಿಸಿದ. "ಇಸಾರದ ಮುಂಗಡ ಅಂತ ಉಂಗುರ ತಗದು ಕೊಡಾಕ ಹೋಗಿದ್ದೆ. ಮೊದಲ ಮನ್ಯಾಗ ಹೇಣ್ತಿಗೆ ಕೇಳಿ ಬಾ ಅಂತ ತಿರಗಿ ನನ್ನ ಬೆರಳಿಗೆ ಹಾಕಿದ."

ಬೆಲೆ ಇಳಿಸಿದನೇ ಎಂದು ಕೇಳಿದರೆ, "ಮನಿಯವರ ಬಾಯಿಂದ ಬರೂತನಕ ನನ್ನ ಬಾಯಾಗ ಭಾವ ಇಲ್ಲ ಅಂದ" ಎಂದು ವರದಿ ಕೊಟ್ಟ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಸಮಾಧಾನಗೊಳ್ಳುತ್ತಿದ್ದರು. ನಾನು ಮಾತ್ರ, ಕೈಗೆ ಬಂದ ಉಂಗುರವನ್ನೇ ತಿರುಗಿ ಕೊಡುವಷ್ಟು ಪಾಕಡ ಮನುಷ್ಯನೇ ಈತ ಎಂದು ಇನ್ನಷ್ಟು ಹೆದರಿದೆ. ಮಂದ್ರೂಪದಿಂದ ತಮ್ಮನ ಹೆಂಡತಿ ಬಂದು ನನಗೆ ನಾಲ್ಕು ಮಾತು ಅಂದು ತನ್ನ ಗಂಡನನ್ನು ಎಳೆದುಕೊಂಡು ಹೋದಳು. ಅವನು ಹೇಳಿದ ಬಿಸಿಲಿನ ಗುಂಗಿನಲ್ಲಿ ಈ ಮನೆ ಯಾಕೆ ಮಾರಬೇಕು ಎಂದು ನಾನೇ ಒಂದು ದಿನ ಕೂತುಬಿಟ್ಟಿದ್ದೆ. ದೊಡ್ಡವ್ವನ ಮನೆಯಲ್ಲಿ ಅಷ್ಟು ಸಲ ಉಳಿದರೂ ಒಮ್ಮೆಯೂ ಬಿಸಿಲು ಬರುವ ಮೊದಲು ನಾನು ಎದ್ದಿರಲಿಲ್ಲ.

ತಡವಳದ ಹಿರಿಯ ತಯಾರಾಗಿದ್ದಾನೆಂದು ದಲಾಲ ಹೇಳಿಕಳಿಸಿದ. ಗಂಡ ರಜೆ ಹಾಕಿದರು, ಹೋದೆವು. ಕಟ್ಟೆಯ ಮೇಲೆ ಗಿರಾಕಿ ಕೂತಿದ್ದ. ದಲಾಲ ನಮ್ಮನ್ನು ಒಳಗೆ ಕರೆದ.

"ಅಕ್ಕಾರ, ಕಂಬಳಿ ವ್ಯವಹಾರ ನಿಮಗ ಪಸಂತ ಬರಲಿಲ್ಲ, ನನಗ ತಿಳೀತು. ಅದಕ್ಕ ನಮ್ಮ ಮನಿಯಾಕಿನ್ನ ಕರಕೊಂಡು ಬಂದೀನಿ. ನಾನು ಆಕಿ ಕೈಯಾಗ ಹೇಳ್ತೀನಿ, ಆಕಿ ನಿಮ್ಮ ಕೈಯಾಗ ಹೇಳ್ತಾಳ. ಎಲ್ಲಾ ನಿಮಗ ಗೊತ್ತಾಗೇ ಆಗ್ತದ."

ಅಡುಗೆಮನೆಯ ಕಡೆಯಿಂದ ಹಸಿರು ಇಳಕಲ್ ಸೀರೆ ಹೊರಗೆ ಬಂತು. ಅದೇ ಹೆಂಗಸು! ಸೆರಗು ಮುಂದಕ್ಕೆ ಎಳೆದುಕೊಂಡಳು, ಆದರೆ ಆ ಮೈಯನ್ನು ಮರೆಮಾಡುವ ಸೆರಗನ್ನು ಇಳಕಲ್ಲಿನಲ್ಲೂ ನೇಯ್ದಿರಲಾರರು.

ದಲಾಲ ಎಲೆ-ಅಡಿಕೆ ಉಗುಳಿ ಬಂದ. "ತಪ್ಪು ತಿಳೀಬ್ಯಾಡ್ರಿ. ಮನಿ ಮಾರೂ ಮಂದಿ ನನ್ನ ಕಡಿಂದ ಗಿರಾಕಿ ತರಿಸ್ಕೊಂಡು ಹಿತ್ತಲ ಬಾಗಲದಾಗ ಸೌದಾ ಮುಗಿಸಿಬಿಡ್ತಾರ. ಹಂಗ ಆಗಿ ಆಗಿ, ಈಗ ಎಲ್ಲಾರ್ನೂ ಒಂದು ಸಲ ಇಕಿನ್ನ ಕಳಿಸಿ ನೋಡ್ತೀನಿ. ಖರೇ ಹೇಳ್ತೀನಿ ಅಕ್ಕಾರ, ನಿಮ್ಮಂಥಾ ಮಾತಿನ ಮನಷ್ಯಾರ್ನ ನಾ ಕಂಡಿಲ್ಲ. ಊರ ತುಂಬ ಹೇಳೀನಿ."

ತಂಬಿಗೆ ಹುಡುಕಿ ಸೋತಿದ್ದ ನನ್ನ ಗಂಡನಿಗೆ ಒಮ್ಮೆಲೇ ಕೆಮ್ಮು ಬಂತು. ನಾನು ಅವರತ್ತ ನೋಡದೆ ಬೆನ್ನು ನೆಟ್ಟಗೆ ಮಾಡಿ, "ಮಾತು ಅಂದ್ರ ಮಾತ್ರಿ," ಎಂದೆ.

"ಮಂದ್ರೂಪದ ನಿಮ್ಮ ತಮ್ಮ ಈಗ ಆರಾಮ ಅದಾನಲ್ರಿ?" ಎಂದ ದಲಾಲ.

ನೆಟ್ಟಗಾಗಿದ್ದ ಬೆನ್ನು ಬಾಗಿತು. "ನಿಮಗ ಹೆಂಗ ಗೊತ್ತು?"

"ಒಳಗ ಬಂದವನ, 'ದೊಡ್ಡವ್ವನ ಉಪ್ಪಿನಕಾಯಿ ಭರಣಿ ಇಲ್ಲೇ ಇರ್ತಿತ್ತು' ಅಂದ. ಇರ್ಲಿ, ತಮ್ಮ ನೋಡಿಹೋದ್ರ ಅಕ್ಕಾರಿಗೆ ಧೈರ್ಯ ಬಂದೀತು ಅಂತ ಎಲ್ಲಾ ತೋರಿಸಿದೆ."

ಆತನ ಹೆಂಡತಿ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಖರೇ ಹೇಳ್ರಿ, ಅವತ್ತು ನಿಮಗ ಸ್ವಲ್ಪನೂ ಆಸೆ ಆಗಲಿಲ್ಲೇನ್ರಿ?"

ಊರೆಲ್ಲ ಹಬ್ಬಿದ ನನ್ನ ಪ್ರಾಮಾಣಿಕತೆಯನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಗಂಡನ ಕೆಮ್ಮು ನಿಲ್ಲುವ ಲಕ್ಷಣವಿರಲಿಲ್ಲ. "ನೀವು ನನ್ನ ತಂಬಿಗಿ ಕದಿಯಾಕ ಬಂದೀರಿ ಅಂತ ತಿಳಿದಿದ್ನಿ," ಎಂದುಬಿಟ್ಟೆ.

ಆಕೆ ಮುಖ ಬಿಗಿದು ಗಂಡನ ಕಡೆ ತಿರುಗಿದಳು. "ಕೇಳಿದ್ರೇನು? ನಾ ಕಳ್ಳಿ ಹಂಗ ಕಾಣ್ತೀನಂತ! ಇನ್ನ ಮ್ಯಾಲ ಇಂಥಾ ಕೆಲಸಕ್ಕ ನನ್ನ ಕಳಸಬ್ಯಾಡ್ರಿ." ದಲಾಲ ಕಂಬ ಹಿಡಿದುಕೊಂಡು ನಗತೊಡಗಿದ, ನಗುನಗುತ್ತ ಪಟಗ ಸಡಿಲಾಗಿ ಕೊರಳಿಗೆ ಬಿತ್ತು. ಕೊನೆಗೆ ಆಕೆಯೂ ನಕ್ಕಳು, ನಾನೂ ನಕ್ಕೆ. ಅವತ್ತಿನಿಂದ ನನಗೆ ಆ ಮನುಷ್ಯನ ಮೇಲೆ ಅನುಮಾನ ಬರಲಿಲ್ಲ. ಆತನೂ ನಮ್ಮಷ್ಟೇ ಹೆದರಿದ್ದ ಎಂಬುದು ತಿಳಿದದ್ದರಿಂದಲೇ ಇರಬೇಕು.

ದಲಾಲ ಕಟ್ಟೆಯ ಮೇಲೆ ಗಿರಾಕಿಗೂ ಬಾಗಿಲಿಗೂ ನಡುವೆ ಕೂತ, ನಾವು ಹೆಂಗಸರಿಬ್ಬರು ಬಾಗಿಲ ಮರೆಯಲ್ಲಿ ಕೂತೆವು, ಭಾವ ಶುರುವಾಯಿತು. ಕಂಬಳಿಯಿಂದ ದಲಾಲನ ಕೈಗೆ, ಅಲ್ಲಿಂದ ಆತನ ಹೆಂಡತಿಯ ಕೈಗೆ, ಆಕೆಯ ಸೆರಗಿನ ಮರೆಯಲ್ಲಿ ನನ್ನ ಕೈಗೆ ಬೆರಳ ಮಾತು ಬಂತು. ನನಗೆ ಒಂದೂ ತಿಳಿಯಲಿಲ್ಲ. ಕಚಗುಳಿ ಮಾತ್ರ ಆಯಿತು. ಆಕೆಯ ಮೇಲೆ ಹೊಸದಾಗಿ ಹುಟ್ಟಿದ ಪ್ರೀತಿಯಲ್ಲಿ ಆಕೆಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಅಮುಕಿದೆ. ಆ ಅಮುಕು ಹಾಗೆಯೇ ತಿರುಗಿ ಕಂಬಳಿಯೊಳಗೆ ಹೋಯಿತು. ಕುರಿಗಾರ ಹಿರಿಯ ಧಡಕ್ಕನೆ ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಇಷ್ಟ ಕೇಳಾಕ ಇದೇನ ಮನಿಯೋ, ಅರಸರ ವಾಡೆಯೋ? ನಡೀತೀನಿ ನಾ."

ದಲಾಲ ಹೌಹಾರಿ ನನ್ನತ್ತ ನೋಡಿದ. ನನ್ನ ಪ್ರೀತಿ ಮನೆಯ ಬೆಲೆಯನ್ನು ಎಲ್ಲಿಗೋ ಏರಿಸಿಬಿಟ್ಟಿತ್ತು. ಮುದುಕ ಓಣಿಯ ತಿರುವು ಮುಟ್ಟುವುದರಲ್ಲಿದ್ದ. ನಾನು ಮರ್ಯಾದೆ ಗಿರ್ಯಾದೆ ಬಿಟ್ಟು ಕಟ್ಟೆಗೆ ಬಂದು ಕೂಗಿದೆ: "ಅಜ್ಜಾರ, ನಿಲ್ರಿ! ನನಗ ಬೆರಳ ಭಾಷಾ ಬರೂದಿಲ್ರಿ!" ನಮಗೆ ಬೇಕಾದ ಬೆಲೆಯನ್ನು ಬಾಯಿಬಿಟ್ಟು ಹೇಳಿದೆ. ಎದುರುಮನೆಯ ಹೆಂಗಸು ಒರಳು ನಿಲ್ಲಿಸಿ ಕೇಳಿದಳು. ಮುದುಕ ತಿರುವಿನಲ್ಲೇ ನಿಂತು ಯೋಚಿಸಿದ. ಅವನೂ ಕೂಗಿಯೇ ಒಂದು ಬೆಲೆ ಹೇಳಿದ. ನಾನು ಸ್ವಲ್ಪ ಇಳಿದೆ, ಅವನು ಸ್ವಲ್ಪ ಏರಿದ. "ಬಿರೋಬಾನ ಆಣಿ, ಇದರ ಮ್ಯಾಲ ಆಗೂದಿಲ್ಲ" ಎಂದಾಗ ದಲಾಲ ನನ್ನತ್ತ ನೋಡಿ ತಲೆಯಾಡಿಸಿದ. ನಾನು ಹೂಂ ಎಂದೆ. ಊರಿಗೆಲ್ಲ ತಿಳಿದೇ ಸೌದಾ ಆಯಿತು, ಕೆಡಲಿಲ್ಲ. ದಲಾಲ ಮಾತ್ರ ಇಡೀ ದಿನ ನಾಚಿಕೊಂಡ ಮುಖದಲ್ಲಿದ್ದ. ಹೀಗೆ ಕೂಗಿ ಮಾಡಿದ ಸೌದಾ ಆತನ ಜನ್ಮದಲ್ಲೇ ಮೊದಲನೆಯದಂತೆ. ಆ ಮುದುಕ ಕೊಟ್ಟ ಮಾತಿನಂತೆ ನಡೆದ, ಖರೇದಿಯ ದಿನ ಎಲ್ಲರಿಗೂ ಪೇಢೆ ಹಂಚಿದ.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಜಾಣೆಯೆಂದು ಉಳಿಯುತ್ತಿದ್ದೆನೇನೋ. ಸೊಲ್ಲಾಪುರದಲ್ಲಿ ಮನೆ ಕೊಳ್ಳುವ ಹೊತ್ತಿಗೆ ದಲಾಲರ ಮೇಲೆ ನನಗೆ ನಂಬಿಕೆ ಉಕ್ಕಿ ಹರಿಯುತ್ತಿತ್ತು. ಇಲ್ಲಿಯ ದಲಾಲ ಕೋಟು-ಟೊಪ್ಪಿಗೆಯ ಸಭ್ಯ ಮನುಷ್ಯ, ಮಾತು ಶುದ್ಧ ಮರಾಠಿ. ಆತ ಮಹಡಿಯ ಮೇಲಿನ ಎರಡು ಕೋಣೆ ತೋರಿಸಿದ. ಗಂಡ ಇನ್ನೊಮ್ಮೆ ನೋಡಿ ಬರೋಣವೆಂದರೆ, "ಮನಷ್ಯಾರ ಮ್ಯಾಲ ವಿಶ್ವಾಸ ಇಡೂದು ಕಲೀರಿ" ಎಂದು ಅವರಿಗೇ ಬುದ್ಧಿ ಹೇಳಿದೆ. ಸಾಮಾನು ಏರಿಸುವ ದಿನ ತಿಳಿಯಿತು: ಕೋಣೆಗಳು ನಮ್ಮವು, ಅಲ್ಲಿಗೆ ಹತ್ತುವ ಮೆಟ್ಟಿಲು ಕೆಳಗಿನ ಮನೆಯವರದು. ನಮ್ಮದೇ ಮೆಟ್ಟಿಲು ಕಟ್ಟಿಸುವವರೆಗೆ ಆ ಮನೆಯಾಕೆಗೆ ದಿನಾ ಬೆಳಿಗ್ಗೆ ನಮಸ್ಕಾರ ಹೇಳಿಯೇ ಇಳಿಯಬೇಕಾಗಿತ್ತು. ಆಕೆಯೊಂದಿಗೆ ಜಗಳವಾದ ದಿನ ಗಂಡ ಗಿರಣಿಗೆ ಹೋಗಲು ಹಿಂದಿನ ಕಿಟಕಿಗೆ ಏಣಿ ಹಚ್ಚಿ ಇಳಿಯುತ್ತಿದ್ದರು. ಇಳಿಯುವಾಗ ಒಮ್ಮೆ ನನ್ನತ್ತ ತಲೆಯೆತ್ತಿ ನೋಡುತ್ತಿದ್ದರು.