ಹತ್ತಿರದ ಕೆಲಸ

ನನ್ನ ಹೆಂಡತಿಯ ಕಣ್ಣಿಗೆ ಲೇಸರ್ ಮಾಡಿಸಿದ್ದು ನಾನು. ಅವಳೇನೂ ಕೇಳಿರಲಿಲ್ಲ. ಹಿಂದೂಪುರದಲ್ಲಿ ನನ್ನದೊಂದು ರವಿಕೆ ಬಟ್ಟೆಯ ಅಂಗಡಿ ಇದೆ. ಮಾತಾಡಿ ಮಾತಾಡಿ ಗಿರಾಕಿಯ ತಲೆ ತಿಂದು ಬಟ್ಟೆ ಮಾರುವುದು ನನ್ನ ಕಸುಬು, ಮನೆಯಲ್ಲೂ ಅದೇ ಚಾಳಿ. ಅವಳು ಕಲ್ಯಾಣದುರ್ಗದ ನೇಕಾರರ ಮನೆಯವಳು, ಮಾತು ಕಡಿಮೆ. ಹೆಣ್ಣು ನೋಡಲು ಹೋದಾಗ ಸೋಡಾಬುಡ್ಡಿ ಕನ್ನಡಕ ಎಂದು ನಮ್ಮಮ್ಮ ಮೂಗು ಮುರಿದಿದ್ದಳು. ಗಾಜಿನ ಹಿಂದೆ ಎಂಥ ಕಣ್ಣಿದೆ ನೋಡಮ್ಮ ಎಂದು ಜಗಳವಾಡಿ ಕಟ್ಟಿಕೊಂಡವನು ನಾನು.

ಅವಳ ಕೆಲಸ ಹಾಸು ಕೆಚ್ಚುವುದು. ಮಗ್ಗದ ಉದ್ದದ ಎಳೆಗಳಿಗೆ ಹಾಸು ಅನ್ನುತ್ತಾರೆ. ಒಂದು ಹಾಸು ಮುಗಿಯುತ್ತ ಬಂದಾಗ ಹಳೆಯ ಪ್ರತಿ ಎಳೆಯ ತುದಿಗೂ ಹೊಸ ಎಳೆಯೊಂದನ್ನು ಬೆರಳಿಗೆ ಬೂದಿ ಸೋಕಿಸಿಕೊಂಡು ಹೊಸೆದು ಕೂಡಿಸಬೇಕು. ಕೂದಲಿಗಿಂತ ತೆಳ್ಳಗಿನ ಸಾವಿರಾರು ರೇಷ್ಮೆ ಎಳೆಗಳು. ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಪರಿಗಿಯಿಂದ, ಕಲ್ಯಾಣದುರ್ಗದಿಂದ ಅವಳನ್ನೇ ಬೇಕೆಂದು ಕರೆಸಿಕೊಳ್ಳುತ್ತಿದ್ದರು. ಕೂತ ಕೂಡಲೇ ಕನ್ನಡಕ ತೆಗೆದಿಟ್ಟು, ಎಳೆಯ ಮೇಲೆ ಮೂಗು ತಾಗುವಷ್ಟು ಬಾಗಿ ಶುರು ಮಾಡುತ್ತಿದ್ದಳು. ದೂರದ್ದು ಮಸುಕಾದ ಆ ಕಣ್ಣಿಗೆ ಹತ್ತಿರದ್ದು ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಇದನ್ನು ನಾನು ಎಷ್ಟೋ ಸಲ ನೋಡಿದ್ದೆ. ನೋಡಿದ್ದು ತಲೆಗೆ ಹೋಗಿರಲಿಲ್ಲ, ಅಷ್ಟೇ.

ಒಂದು ದಿನ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಅವಳ ಕನ್ನಡಕ ಬಿದ್ದು ಯಾರದೋ ಕಾಲಡಿ ಪುಡಿಯಾಯಿತು. ಹಿಂದೂಪುರದ ಬಸ್ಸೆಂದು ಹತ್ತಿ ಕೂತಳು. ಸಂಜೆ ನನಗೆ ಫೋನು ಬಂದದ್ದು ಬೇರೆ ದಿಕ್ಕಿನ ಬ್ರಹ್ಮಸಮುದ್ರದಿಂದ.

"ಬೋರ್ಡ್ ಕಾಣ್ಲಿಲ್ಲ. ಯಾರ್ನಾದ್ರೂ ಕೇಳಾನ ಅಂದ್ರೆ ನಾಚ್ಕೆ ಆಯ್ತು" ಅಂದಳು.

ನಾನು ಬೈದೆ. ಬೈದು ಮುಗಿಯುವಷ್ಟರಲ್ಲಿ ನನಗೇ ಅಳು ಬಂತು. ನಲವತ್ತಮೂರು ವರ್ಷದ ಹೆಂಗಸು, ಗೊತ್ತಿಲ್ಲದ ಊರಿನ ಕಟ್ಟೆಯ ಮೇಲೆ ಕಣ್ಣು ಕಾಣದೆ ಕೂತಿದ್ದಾಳೆ! ಆವತ್ತೇ ತೀರ್ಮಾನ ಮಾಡಿಬಿಟ್ಟೆ, ಈ ಕನ್ನಡಕದ ಸಹವಾಸವೇ ಬೇಡ.

ಅನಂತಪುರದ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವ್ಯಾವುದೋ ಯಂತ್ರಕ್ಕೆ ಗಲ್ಲ ಇಡಿಸಿ ನೋಡಿದರು. ಕಣ್ಣಿನ ಮುಂದಿನ ಪಾರದರ್ಶಕ ಪದರ ಸಾಕಷ್ಟು ದಪ್ಪ ಇದೆ, ಲೇಸರಿನಲ್ಲಿ ಅದನ್ನೇ ಚೂರು ತಿದ್ದುತ್ತೇವೆ ಎಂದರು. ಆಮೇಲೆ ಫಾರಂ ಹಿಡಿದುಕೊಂಡ ಒಬ್ಬ ಹುಡುಗಿ ಬಂದು ತೆಲುಗಿನಲ್ಲಿ ಕೇಳಿದಳು, "ದಗ್ಗರ ಪನಿ ಏಮೈನಾ ಚೇಸ್ತಾರಾ ಅಮ್ಮಾ?" ಹತ್ತಿರದ ಕೆಲಸ ಏನಾದರೂ ಮಾಡುತ್ತೀರಾ ಅಂತ. ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು ಅಂದೆ, "ದಗ್ಗರ ಏಮೀ ಲೇದಮ್ಮಾ, ಅಂತಾ ದೂರಮೇ!" ಹತ್ತಿರದ್ದೇನೂ ಇಲ್ಲ, ಎಲ್ಲ ದೂರವೇ, ಪರಿಗಿಗೆ ಹೋಗ್ತಾಳೆ, ಕಲ್ಯಾಣದುರ್ಗಕ್ಕೆ ಹೋಗ್ತಾಳೆ, ಬಸ್ಸಲ್ಲೇ ಅರ್ಧ ದಿನ ಅಂತ ಬೇರೆ ಸೇರಿಸಿದೆ. ಹುಡುಗಿ ಬರೆದುಕೊಂಡಳು.

ಡಾಕ್ಟರು ಕೂಡ ಹೇಳಿದರು. "ವಯಸ್ಸು ನಲವತ್ತು ದಾಟಿದೆ, ದೂರದ್ದು ಸರಿಹೋಗುತ್ತೆ, ಓದೋದಕ್ಕೆ ಕನ್ನಡಕ ಬೇಕಾಗುತ್ತೆ."

"ಓದೋದಾ? ಇವ್ಳು ಪೇಪರ್ ಕೂಡ ಮುಟ್ಟಲ್ಲ ಸಾರ್" ಎಂದು ನಾನು ನಕ್ಕೆ. ಡಾಕ್ಟರೂ ನಕ್ಕರು. ಅವಳು ನಗಲಿಲ್ಲ ಅನ್ನುವುದು ಈಗ ನೆನಪಾಗುತ್ತದೆ.

ಆಪರೇಷನ್ ದಿನ ಅವಳ ತಲೆಗೊಂದು ನೀಲಿ ಟೋಪಿ ಹಾಕಿ ಒಳಗೆ ಕರೆದೊಯ್ದರು. ಹೊರಗಿನ ಟಿವಿಯಲ್ಲಿ ನಮಗೆಲ್ಲ ಕಾಣುವ ಹಾಗಿತ್ತು. ಇಡೀ ಪರದೆ ತುಂಬ ಅವಳ ಒಂದು ಕಣ್ಣು. ನಾನು ಜಗಳವಾಡಿ ಕಟ್ಟಿಕೊಂಡ ಕಣ್ಣೇ ಅದು! ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ ಸಿಕ್ಕಿಸಿದಾಗ ನಾನು ಗೋಡೆ ನೋಡುತ್ತ ನಿಂತೆ. ಎರಡೂ ಕಣ್ಣು ಸೇರಿ ಕಾಲು ಗಂಟೆಯೂ ಆಗಲಿಲ್ಲ. ಒಳಗೆ ಏನಾಯಿತೆಂದು ಆಮೇಲೆ ಅವಳೇ ಹೇಳಿದಳು. ಮರಗಟ್ಟುವ ಹನಿ ಬಿಟ್ಟಿದ್ದರಿಂದ ನೋವಿರಲಿಲ್ಲವಂತೆ. ಕಣ್ಣನ್ನು ಯಾರೋ ಹೆಬ್ಬೆರಳಿಂದ ಅದುಮಿದ ಹಾಗಾಗಿ ಒಂದಷ್ಟು ಹೊತ್ತು ಪೂರಾ ಕತ್ತಲಾಯಿತಂತೆ. ಆಮೇಲೆ ಮಿಣುಕುವ ಒಂದು ದೀಪ ತೋರಿಸಿ ಅದನ್ನೇ ನೋಡಮ್ಮ ಅಂದರಂತೆ, ಟಕಟಕ ಸದ್ದಾಯಿತಂತೆ.

"ಕೂದ್ಲು ಸುಟ್ಟಂಗೆ ವಾಸ್ನೆ ಬಂತು. ನನ್ ಕಣ್ಣೇ ಸುಡ್ತಾವ್ರೆ ಅನ್ಕಂಡು ದೇವ್ರುನ್ನ ನೆನಿಸ್ಕಂಡೆ" ಅಂದಳು.

ಮೊದಲ ನಾಲ್ಕೈದು ಗಂಟೆ ಕಣ್ಣಲ್ಲಿ ಈರುಳ್ಳಿ ಹಿಂಡಿದ ಹಾಗೆ ಉರಿ, ಧಾರಾಕಾರ ನೀರು. ಕಪ್ಪು ಕನ್ನಡಕ ಹಾಕಿಸಿ ಮಲಗಿಸಿದೆ. ಉಜ್ಜಬಾರದು, ಮುಖಕ್ಕೆ ನೀರು ಎರಚಬಾರದು, ಒಂದು ವಾರ ತಲೆಗೆ ನೀರಿಲ್ಲ, ಕಾಡಿಗೆಯಂತೂ ದೂರ. ಹನಿ ಹಾಕುವ ಹೊತ್ತಿಗೆಲ್ಲ ನನ್ನ ಫೋನು ಕೂಗುತ್ತಿತ್ತು, ಅಂಗಡಿಯ ಶಟರ್ ಅರ್ಧ ಇಳಿಸಿ ಮನೆಗೆ ಓಡಿ ಬರುತ್ತಿದ್ದೆ. ದೀಪದ ಸುತ್ತ ಬಳೆ ಬಳೆ ಕಾಣುತ್ತೆ ಅಂದಳು, ಕಣ್ಣು ಒಣಗುತ್ತೆ ಅಂದಳು. ಅದೆಲ್ಲ ಆಗುತ್ತೆ, ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಆದರೆ ಆಪರೇಷನ್ನಿನ ಮರುದಿನದ ಬೆಳಿಗ್ಗೆ! ತಪಾಸಣೆಗೆ ಹೋಗುವಾಗ ಅವಳು ರಸ್ತೆಯ ಬೋರ್ಡುಗಳನ್ನೆಲ್ಲ ಅಕ್ಷರ ಕೂಡಿಸಿ ಜೋರಾಗಿ ಓದುತ್ತ ಬಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಯ್ಯೋ, ಇಷ್ಟೊಂದು ಬಿಳೀ ಕೂದ್ಲಾ ನಿಮ್ಗೆ?"

"ಇಷ್ಟು ದಿನ ಕಾಣ್ಲಿಲ್ವಲ್ಲ, ನನ್ನ ಪುಣ್ಯ ಕಣೇ" ಅಂದೆ. ನನ್ನಷ್ಟು ಸುಖಿ ಆವತ್ತು ಅನಂತಪುರದಲ್ಲಿ ಇನ್ನೊಬ್ಬನಿರಲಿಲ್ಲ.

ಎರಡು ವಾರ ಬಿಟ್ಟು ಕಲ್ಯಾಣದುರ್ಗದಿಂದ ಅವಳ ಅಣ್ಣ ಫೋನು ಮಾಡಿದರು, ಹೊಸ ಹಾಸು ಬಂದಿದೆ, ಕೆಚ್ಚಬೇಕು ಅಂತ. ಅಂಗಡಿಗೆ ರಜೆಯಿದ್ದ ದಿನ, ನಾನೂ ಜೊತೆಗೆ ಹೋದೆ. ಅವಳು ಮಗ್ಗದ ಮುಂದೆ ಕೂತಳು. ತೆಗೆದಿಡಲು ಅಭ್ಯಾಸಬಲದಿಂದ ಕನ್ನಡಕಕ್ಕೆ ಕೈ ಹಾಕಿ, ಇಲ್ಲವೆಂದು ಗೊತ್ತಾಗಿ ನಕ್ಕಳು. ಬೂದಿ ಸೋಕಿಸಿಕೊಂಡು ಬಾಗಿದಳು. ಇನ್ನೂ ಬಾಗಿದಳು. ಹಿಂದಕ್ಕೆ ಸರಿದಳು. ಒಂದು ಎಳೆ ಎತ್ತಲು ಹೋಗಿ ಮೂರು ಎತ್ತಿದಳು.

"ಅಣ್ಣ, ಎಳೆ ಕಾಣ್ತಿಲ್ಲ ನಂಗೆ."

"ಇರ್ಲಿ ಬಿಡಮ್ಮಿ. ಆಪ್ರೇಸನ್ ಆದ ಕಣ್ಣು, ರೆಸ್ಟ್ ತಗ. ಈ ಸಲ ಬೇರೆಯೋರ್ನ ಕರೀತೀನಿ" ಅಂದರು ಅವಳಣ್ಣ. ಪ್ರೀತಿಯಿಂದಲೇ ಅಂದರು. ಅವಳು ಸೆರಗಿಗೆ ಕೈಯ ಬೂದಿ ಒರೆಸಿಕೊಂಡು ಎದ್ದಳು. ಹತ್ತನೇ ವಯಸ್ಸಿಗೇ ಕಲಿತ ಕೆಲಸ, ಬೇರೆಯವರ ಪಾಲಾಗುತ್ತಿತ್ತು. ಆಗ ನನಗೆ ಆ ಫಾರಂ ಹುಡುಗಿಯ ಪ್ರಶ್ನೆ ಅರ್ಥವಾಯಿತು. ಹತ್ತಿರದ ಕೆಲಸ ಅಂದರೆ ಕಣ್ಣಿಗೆ ಹತ್ತಿರ ಹಿಡಿದು ಮಾಡುವ ಕೆಲಸ. ಆ ಹುಡುಗಿ ಕೇಳಿದ್ದು ಅದನ್ನ, ನಾನು ಹೇಳಿದ್ದು ಬಸ್ಸಿನ ದಾರಿಯನ್ನ.

ಬಸ್ಸಿನಲ್ಲಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಅಂತ ಕಾದೆ. ಅವಳು ಹಿಂದೂಪುರ ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮತ್ತೆ ಅದೇ ಡಾಕ್ಟರ ಮುಂದೆ ಹೋಗಿ ಕೂತೆವು. ಆಪರೇಷನ್ ಏನೂ ಕೆಟ್ಟಿಲ್ಲ ಎಂದರು. ವಯಸ್ಸಾದಂತೆ ಎಲ್ಲರಿಗೂ ಹತ್ತಿರದ್ದು ಮಸುಕಾಗುತ್ತೆ, ಇವರ ಹಳೇ ದೋಷವೇ ಇವರಿಗೆ ಅದನ್ನ ಗೊತ್ತಾಗದಂತೆ ಕಾಪಾಡಿತ್ತು, ಈಗ ಹತ್ತಿರಕ್ಕೆ ಬೇರೆ ಕನ್ನಡಕ ಬೇಕು. "ನೀವು ಮಾಡೋ ಕೆಲಸ ಏನು?" ಎಂದು ಕೇಳಿದರು.

ನನ್ನ ಬಾಯಿ ತಾನಾಗಿ ತೆರೆಯಿತು. ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. ಬಾಯಿ ಮುಚ್ಚಿದೆ.

ಆಮೇಲೆ ಅವಳು ಮಾತಾಡಿದಳು. ಸೆರಗಿನ ಅಂಚಿನಿಂದ ಎರಡು ಎಳೆ ಕಿತ್ತು, ಅವರ ಮೇಜಿನ ಮೇಲೇ ಬೆರಳ ಅಂದಾಜಿನಲ್ಲೇ ಹೊಸೆದು ತೋರಿಸಿದಳು. ಬೆರಳು ಎಲ್ಲಿರಬೇಕು, ಕಣ್ಣು ಎಲ್ಲಿ, ಬೆಳಕು ಯಾವ ಕಡೆಯಿಂದ, ಒಂದು ದಿನಕ್ಕೆ ಎಷ್ಟು ಎಳೆ, ಮಲ್ಲಿಗೆ ಬಣ್ಣದ ಎಳೆ ಯಾಕೆ ಕಷ್ಟ, ಎಲ್ಲ ಹೇಳಿದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗೂ ಅದರಲ್ಲಿ ಅರ್ಧ ಗೊತ್ತಿರಲಿಲ್ಲ. ಡಾಕ್ಟರು ಟೇಪು ತೆಗೆದು ಅವಳ ಕಣ್ಣಿಂದ ಬೆರಳಿಗೆ ಅಳತೆ ಹಿಡಿದರು.

"ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ?"

"ಅವತ್ತು ನನ್ನ ಹೇಳಾಕೆ ಬಿಡ್ಲಿಲ್ಲ ಸಾರ್" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಅಳತೆಯ ಕನ್ನಡಕ ಬಂದ ವಾರವೇ ಕಲ್ಯಾಣದುರ್ಗಕ್ಕೆ ಹೋದೆವು. ಮುಂದಿನ ಹಾಸು ಕೆಚ್ಚಲು ಬೇರೆಯವರನ್ನು ಕರೆಯಬೇಡ ಎಂದು ಅಣ್ಣನಿಗೆ ಅವಳೇ ಫೋನು ಮಾಡಿದ್ದಳು. ಕೆಲಸ ನಿಧಾನವಾಗಿ ಸಾಗಿತು. ಆಗಾಗ ನಿಲ್ಲಿಸಿ ಹನಿ ಹಾಕಿಸಿಕೊಂಡಳು, ಕೂಡಿಸಿದ್ದನ್ನು ಬಿಚ್ಚಿ ಮತ್ತೆ ಕೂಡಿಸಿದಳು. ಮಧ್ಯಾಹ್ನ ಅವಳಣ್ಣ ಬಂದು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು, "ಹೆಂಗೈತೆ ಭಾವ ಅವಳ ಕಣ್ಣು? ಆಯ್ತದಾ ಕೆಲ್ಸ?"

"ಅವಳನ್ನೇ ಕೇಳಿ" ಅಂದೆ.

ಅವಳು ತಲೆಯೆತ್ತದೆ ಒಂದು ಎಳೆ ಹೊಸೆದು ಮುಗಿಸಿದಳು. "ಮೊದ್ಲಿನಂಗೆ ಕಾಣಾಕಿಲ್ಲ ಅಣ್ಣ" ಅಂದಳು. "ಆದ್ರೂ ಬಿಡಾಕಿಲ್ಲ ನಾನು."