ಸ್ವೀಡನ್ನಿನ ತೊಟ್ಟಿಯಲ್ಲಿ ನಮ್ಮ ಗಣೇಶ

ನಮ್ಮ ಕನ್ನಡ ಸಂಘದ ಅಧ್ಯಕ್ಷರು ಹೃದಯದ ಡಾಕ್ಟರು. ಆಸ್ಪತ್ರೆಯ ಹೊರಗೆ ಅವರಿಗೆ ಯಾವ ವಿಷಯದಲ್ಲೂ ಅನುಮಾನ ಬಂದದ್ದನ್ನು ನಾನು ನೋಡಿಲ್ಲ.

ಇದು ಎರಡು ಸಾವಿರದ ಇಸವಿಯ ಒಂದೆರಡು ವರ್ಷ ಆಚೀಚಿನ ಮಾತು. ಆಗ ನಾವು ಅಮೆರಿಕದ ವುಡ್‌ರಿಡ್ಜ್‌ನಲ್ಲಿದ್ದೆವು. ಭಾನುವಾರ ಮಧ್ಯಾಹ್ನ ನಾನು ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಜಾಗ ಕೊಟ್ಟವರು ಜೋಳದ ಹೊಲಗಳ ನಡುವಿನ ಹಳೆಯ ಸ್ವೀಡಿಷ್ ಚರ್ಚಿನವರು. ಚರ್ಚಿನವರೆಂದರೆ ಉಳಿದಿದ್ದ ಹತ್ತು ಹನ್ನೆರಡು ಮುದುಕರು, ಅವರೆಲ್ಲರ ಪರವಾಗಿ ಕಟ್ಟಡ ನೋಡಿಕೊಳ್ಳುತ್ತಿದ್ದ ಎಂಬತ್ತರ ಅಜ್ಜಿ. ನನ್ನ ಮಾತೊಂದನ್ನೇ ನಂಬಿ ಅವರು ಬೇಸ್‌ಮೆಂಟ್ ಬಿಟ್ಟುಕೊಟ್ಟಿದ್ದರು. ಅದು ಹೋದರೆ ತರಗತಿಯೂ ಹೋಯಿತು. ಸಂಘದವರಿಗೆ ಸಮೋಸ ತಿನ್ನಲು ಎಲ್ಲಾದರೂ ಹಾಲ್ ಸಿಗುತ್ತಿತ್ತು, ಕನ್ನಡ ಕಲಿಸಲು ಹುಡುಕುವವರು ಯಾರೂ ಇರಲಿಲ್ಲ.

ಆ ಚರ್ಚು ಸ್ವೀಡನ್ನಿನ ಹಳ್ಳಿಯೊಂದರ ಏಳುನೂರು ವರ್ಷ ಹಳೆಯ ಚರ್ಚಿನ ನಕಲು. ಮೂಲದ ಫೋಟೋಗಳನ್ನು ಅಜ್ಜಿ ಗೋಡೆಗೆ ತೂಗುಹಾಕಿದ್ದರು. ದಪ್ಪ ಕಲ್ಲುಗೋಡೆ, ಪಕ್ಕದಲ್ಲಿ ಬೇರೆಯಾಗಿ ನಿಂತ ಮರದ ಗಂಟೆಗೋಪುರ, ಒಳಗೆ ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ ಬೆಂಚು. ಚಾವಣಿಯ ಚಿತ್ರದಲ್ಲಿ ಹೆಂಗಸೊಬ್ಬಳು ಬೆಣ್ಣೆ ಕಡೆಯುತ್ತಿದ್ದಾಳೆ, ದೆವ್ವ ಸಹಾಯಕ್ಕೆ ನಿಂತಿದೆ. ಮುಂದೊಂದು ಕಾಲದ ಪಾದ್ರಿಗಳಿಗೆ ಇದನ್ನು ಕಂಡು ನಾಚಿಕೆಯಾಗಿ ಅಷ್ಟಕ್ಕೂ ಸುಣ್ಣ ಬಳಿಸಿದರಂತೆ; ಅದನ್ನು ಕೆರೆದು ಚಿತ್ರ ಹೊರತೆಗೆದದ್ದು ತೀರಾ ಈಚೆಗಂತೆ. ಹಳೆಯ ಗುಡಿಯ ಶಿಲ್ಪಕ್ಕೆ ಆಯಿಲ್ ಪೇಂಟ್ ಬಳಿಯುವ ಊರಿಂದ ಬಂದ ನನಗೆ ಆ ಪಾದ್ರಿಗಳು ನೆಂಟರಂತೆ ಕಂಡರು. ಮರದ ಮೇರಿಮಾತೆಯ ವಿಗ್ರಹವನ್ನು ಅಟ್ಟಕ್ಕೆ ಹಾಕಿದರು. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕೆತ್ತನೆಯ ಕಲ್ಲುತೊಟ್ಟಿಯನ್ನು ಅಂಗಳಕ್ಕೆ ಎಸೆದರು, ಅದರಲ್ಲಿ ಕುದುರೆಗಳು ನೀರು ಕುಡಿದವು. ಅಮೆರಿಕಕ್ಕೆ ಹೊರಟ ಬಡ ರೈತರು ಆ ತೊಟ್ಟಿಯನ್ನು ಹಡಗಿಗೆ ಹೇರಿ ತಂದರು. ಇಲ್ಲಿದ್ದ ಅಸಲಿ ವಸ್ತು ಅದೊಂದೇ.

ಗಣೇಶನ ಹಬ್ಬಕ್ಕೆ ಲೆಮಾಂಟ್ ದೇವಸ್ಥಾನದಲ್ಲಿ ಪಾರ್ಕಿಂಗ್ ಸಿಗುವುದಿಲ್ಲವೆಂದು ಸಂಘದವರು ನಮ್ಮ ಬೇಸ್‌ಮೆಂಟಿಗೇ ಗಣೇಶನನ್ನು ತಂದರು. ಪೂಜೆಯಾದ ಮೇಲೆ ನಾನು ಎಲ್ಲರನ್ನೂ ಮೇಲಕ್ಕೆ ಕರೆದೊಯ್ದು ಚರ್ಚು ತೋರಿಸಿದೆ. ಎರಡು ವರ್ಷ ಅಜ್ಜಿಯಿಂದ ಕೇಳಿದ್ದನ್ನೆಲ್ಲ ಗಿಳಿಪಾಠ ಒಪ್ಪಿಸಿ, ಅಧ್ಯಕ್ಷರ ಮುಂದೆ ಪಂಡಿತೆಯಾದೆ. "ಪವಿತ್ರ ಜಲ ತುಂಬಿ ಮಗೂನ ಪೂರ್ತಿ ಮುಳುಗಿಸ್ತಿದ್ರು" ಎಂದು ಕೈ ಬೀಸಿ ವಿವರಿಸಿದ್ದೂ ನಾನೇ.

ಆಮೇಲೆ ಕೆಳಗೆ ಪುಳಿಯೋಗರೆ ಬಡಿಸುತ್ತಿದ್ದೆ. ಮೇಲಿಂದ "ಗಣಪತಿ ಬಪ್ಪಾ ಮೋರಯಾ" ಎಂಬ ಕೂಗು ಕೇಳಿತು. ಕನ್ನಡ ಸಂಘದ ಉತ್ಸಾಹ ಉಕ್ಕುವುದು ಮರಾಠಿಯಲ್ಲೇ. ಓಡಿಹೋಗಿ ನೋಡಿದರೆ ತೊಟ್ಟಿಗೆ ಬಕೆಟ್ ಬಕೆಟ್ ನೀರು ಸುರಿದು ಗಣೇಶನನ್ನು ಮುಳುಗಿಸಿದ್ದಾರೆ. ಬಣ್ಣ ಕರಗಿ ನೀರೆಲ್ಲ ಕೆಂಪು. ನನ್ನ ವಿದ್ಯಾರ್ಥಿನಿಯೊಬ್ಬಳು "ಆಂಟಿ, ಈಸ್ ಹೀ ಕ್ರಿಶ್ಚಿಯನ್ ನೌ?" ಎಂದಳು.

"ಏನ್ ಮಾಡಿದ್ರಿ ಡಾಕ್ಟ್ರೇ!"

"ಯಾಕ್ರೀ ಟೆನ್ಷನ್ ಮಾಡ್ಕೋತೀರಾ? ಪವಿತ್ರ ಜಲ ಅಂತ ನೀವೇ ಎಕ್ಸ್‌ಪ್ಲೇನ್ ಮಾಡಿದ್ರಲ್ಲ! ಕುದುರೆ ಕುಡಿದಿರೋ ತೊಟ್ಟಿ, ಗಣೇಶ ಬಂದ್ರೆ ಅದಕ್ಕೇ ಪುಣ್ಯ. ಆಮೇಲೆ ಒಂದು ಥ್ಯಾಂಕ್ಯೂ ಕಾರ್ಡ್ ಕಳ್ಸೋಣ ಬಿಡಿ."

ಫೋಟೋ ತೆಗೆಸಿಕೊಂಡು, ಪಾಯಸ ಕುಡಿದು, ಕಾರು ಹತ್ತಿ ಹೋದರು. ತೊಟ್ಟಿಯಲ್ಲಿ ಕರಗಿದ ಮಣ್ಣನ್ನು ತೋಡಿ ತೆಗೆದವಳು ನಾನು. ಹಲ್ಲುಜ್ಜುವ ಬ್ರಷ್ ಹಿಡಿದು ಸಂಜೆಯವರೆಗೂ ಉಜ್ಜಿದೆ. ಕಲ್ಲು ಕುಡಿದ ಬಣ್ಣವನ್ನು ಬಿಟ್ಟುಕೊಡಲಿಲ್ಲ. ಅಜ್ಜಿಗೆ ನಾನೇ ಫೋನ್ ಮಾಡಿ ಕರೆಸಿದೆ.

ಅಜ್ಜಿ ಬಂದು ಕಲೆಯ ಮೇಲೆ ಬೆರಳಾಡಿಸಿದರು. ಕೊನೆಗೆ, ಮಕ್ಕಳ ತಪ್ಪೇನೂ ಇಲ್ಲ, ತರಗತಿ ನಿಲ್ಲಿಸಬೇಡ ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಇಷ್ಟು ಸುಲಭಕ್ಕೆ ಪಾರಾದೆನಲ್ಲ ಎಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ಹಗುರಾಗಿದ್ದೆ.

ಅದುವರೆಗೆ ಭಾನುವಾರ ಬಾಗಿಲು ತೆರೆದುಕೊಟ್ಟು ಅವರು ಮನೆಗೆ ಹೋಗಿಬಿಡುತ್ತಿದ್ದರು. ಮುಂದಿನ ವಾರ ಹೋಗಲಿಲ್ಲ. ತೊಟ್ಟಿಯ ಪಕ್ಕದ ಬೆಂಚಿನಲ್ಲಿ, ಕೋಟು ಕೂಡ ಬಿಚ್ಚದೆ ಕೂತರು. ಏನಾದರೂ ಬೇಕಿತ್ತೇ ಎಂದು ಕೇಳಿದೆ. "ಏನೂ ಬೇಡ, ನಿನ್ನ ಕ್ಲಾಸ್ ಮುಗಿಸು" ಎಂದರು. ಅಲ್ಲಿಂದ ಮುಂದೆ ಮೂರು ವರ್ಷ, ಹೊರಗೆ ಸೊನ್ನೆ ಡಿಗ್ರಿ ಚಳಿಯಿದ್ದಾಗಲೂ, ಪ್ರತಿ ಭಾನುವಾರ ಆ ಅಜ್ಜಿ ನನ್ನ ಮೇಲೆ ಕಾವಲು ಕೂತರು.